ಡೀಸೆಲ್‌ಗೊಂದು ಬೇರೆ ಸಾಲು

"ಡೀಸೆಲ್ ನಿನಗೊಬ್ಬನಿಗೇ ಏರಿದೆಯೇನಪ್ಪಾ?"

ದಾವಣಗೆರೆಯ ಎಪಿಎಂಸಿ ಯಾರ್ಡಿನ ಮಂಡಿಯೊಂದರಲ್ಲಿ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ನನ್ನ ತಮ್ಮನನ್ನು ಹೀಗೆ ಕೇಳಿದಾಗ ನಾನು ಪಕ್ಕದ ಬೆಂಚಿನ ಮೇಲೆ ಚಹಾದ ಲೋಟ ಹಿಡಿದು ಕುಳಿತಿದ್ದೆ. 2025ರ ಯುಗಾದಿಗೆಂದು ಊರಿಗೆ ಹೋಗಿದ್ದೆ. ಹಬ್ಬ ಕಳೆದು ಎರಡು ದಿನವೂ ಆಗಿರಲಿಲ್ಲ, ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಬಂಕಿನಲ್ಲಿ ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ತಮ್ಮ ಕೇಳಿದ್ದು ಟ್ರಿಪ್ಪಿಗೆ ಐನೂರು ರೂಪಾಯಿ ಜಾಸ್ತಿ. ವ್ಯಾಪಾರಿ ಆ ಒಂದು ಪ್ರಶ್ನೆ ಕೇಳಿ ಫೋನ್ ಎತ್ತಿಕೊಂಡರು. ತಮ್ಮ ತಲೆ ತಗ್ಗಿಸಿ ಹೊರಗೆ ಹೋಗಿ ತಾಡಪಾಲಿನ ಹಗ್ಗ ಬಿಗಿಯತೊಡಗಿದ. ಲೋಡು ಹಳೆಯ ಬಾಡಿಗೆಗೇ ಹೊರಟಿತು.

ಐನೂರು ಎಂದು ಅವನು ಬಾಯಿಗೆ ಬಂದದ್ದನ್ನು ಹೇಳಿರಲಿಲ್ಲ. ಅವನ ಹನ್ನೆರಡು ಚಕ್ರದ ಲಾರಿ ದಾವಣಗೆರೆಯಿಂದ ಮೆಕ್ಕೆಜೋಳ ಹೇರಿಕೊಂಡು ತಮಿಳುನಾಡಿನ ನಾಮಕ್ಕಲ್‌ನ ಕೋಳಿ ಆಹಾರದ ಗಿರಣಿಗಳಿಗೆ ಹೋಗುತ್ತದೆ. ಸೇಲಂ ಸುತ್ತ ಸಬ್ಬಕ್ಕಿ ಸಿಕ್ಕರೆ ಅದು ರಿಟರ್ನ್ ಲೋಡು. ಹೋಗಿಬರಲು ಸಾವಿರ ಕಿಲೋಮೀಟರಿಗೂ ಸ್ವಲ್ಪ ಮೇಲೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಎಂದು ಹಿಡಿದರೂ 260 ಲೀಟರ್ ಬೇಕು. ಎರಡು ರೂಪಾಯಿಯಂತೆ 520. ಹಿಂದಿನ ವರ್ಷ, 2024ರ ಜೂನ್‌ನಲ್ಲಿ, ಇದೇ ತೆರಿಗೆ ಏರಿ ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಾಗಿತ್ತು. ಆಗಲೂ ಬಾಡಿಗೆ ಅಲುಗಿರಲಿಲ್ಲ. ಎರಡನ್ನೂ ಕೂಡಿಸಿದರೆ ಟ್ರಿಪ್ಪಿಗೆ 1,300 ರೂಪಾಯಿ, ತಿಂಗಳಿಗೆ ಆರು ಟ್ರಿಪ್ ಎಂದರೆ ಎಂಟು ಸಾವಿರದ ಹತ್ತಿರ. ಇಎಂಐ ಕಟ್ಟುವವನಿಗೆ ಇದು ಸಣ್ಣ ಮೊತ್ತವಲ್ಲ.

ನಾನು ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿದ್ದೇನೆ. ಎರಡು ಟ್ರಕ್ ಇವೆ, ಒಂದನ್ನು ನಾನೇ ಓಡಿಸುತ್ತೇನೆ. ಆ ದಿನ ಮಂಡಿಯಲ್ಲಿ ಕುಳಿತಾಗ ನನಗೆ ನೆನಪಾದದ್ದು 2022ರ ಮಾರ್ಚ್. ಉಕ್ರೇನ್ ಯುದ್ಧ ಶುರುವಾಗಿ ಮೂರು ವಾರದೊಳಗೆ ಅಮೆರಿಕದ ಸರಾಸರಿ ಡೀಸೆಲ್ ಬೆಲೆ ಗ್ಯಾಲನ್‌ಗೆ ಐದು ಡಾಲರ್ ದಾಟಿತ್ತು. ವರ್ಷದ ಆರಂಭದಲ್ಲಿ ಅದು ಮೂರೂವರೆಯ ಆಸುಪಾಸಿನಲ್ಲಿತ್ತು. ನಾನಾಗ ಒಣದ್ರಾಕ್ಷಿ ಕಳಿಸುವ ಒಂದು ಸಂಸ್ಥೆಯ ಸರಕನ್ನು ಅರಿಜೋನಾದ ಫೀನಿಕ್ಸ್‌ಗೆ ಒಯ್ಯುತ್ತಿದ್ದೆ. ಬಾಡಿಗೆ ಹೆಚ್ಚಿಸಿ ಎಂದು ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಅವರ ಕಚೇರಿಗೆ ಹೋದೆ. ಅಪ್ಪ ಮಂಡಿಗಳ ಮುಂದೆ ನಿಂತಿರುತ್ತಿದ್ದ ಹಾಗೆ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತೆ. ಲೆಕ್ಕದ ಹೆಂಗಸು ನನ್ನ ಮಾತು ಮುಗಿಯಲೂ ಬಿಡದೆ ಆ ವಾರದ ಪಾವತಿಯ ಹಾಳೆ ತಿರುಗಿಸಿ ಒಂದು ಸಾಲು ತೋರಿಸಿದರು. ಬಾಡಿಗೆ ಒಂದು ಸಾಲಿನಲ್ಲಿ, ಅದರ ಕೆಳಗೆ ಇಂಧನ ಸರ್‌ಚಾರ್ಜ್ ಇನ್ನೊಂದು ಸಾಲಿನಲ್ಲಿ. ನಾನು ಕೇಳುವ ಮೊದಲೇ ಅದು ಏರಿತ್ತು.

ಅದರ ಲೆಕ್ಕ ಇಷ್ಟೇ. ಅಮೆರಿಕದ ಇಂಧನ ಇಲಾಖೆ ವಾರಕ್ಕೊಮ್ಮೆ ದೇಶದ ಸರಾಸರಿ ಡೀಸೆಲ್ ಬೆಲೆ ಪ್ರಕಟಿಸುತ್ತದೆ. ಗ್ಯಾಲನ್‌ಗೆ 1.20 ಡಾಲರ್‌ವರೆಗಿನ ಖರ್ಚು ಬಾಡಿಗೆಯಲ್ಲೇ ಸೇರಿದೆ ಎಂದು ನಮ್ಮ ಒಪ್ಪಂದ. ಟ್ರಕ್ ಗ್ಯಾಲನ್‌ಗೆ ಆರು ಮೈಲಿ ಓಡುತ್ತದೆ ಎಂದೂ ಒಪ್ಪಿರುತ್ತೇವೆ. ಹಾಗಾಗಿ ಅಲ್ಲಿಂದ ಮೇಲೆ ಪ್ರತಿ ಆರು ಸೆಂಟಿಗೆ ಮೈಲಿಗೆ ಒಂದು ಸೆಂಟ್. ಡೀಸೆಲ್ 3.60 ಇದ್ದಾಗ ಮೈಲಿಗೆ 40 ಸೆಂಟ್, 5.70 ಆದಾಗ 75 ಸೆಂಟ್. ಫೀನಿಕ್ಸ್‌ಗೆ ಸುಮಾರು 600 ಮೈಲಿ. ಆ ವರ್ಷದ ಜೂನ್‌ನಲ್ಲಿ ಸರಾಸರಿ ಬೆಲೆ 5.80 ಮುಟ್ಟಿದಾಗಲೂ ಏರಿದ ಹಣ ಸರಕಿನ ಒಡೆಯನಿಂದ ಬಂತು. ಬೆಲೆ ಇಳಿದಾಗ ಸಾಲಿನ ಅಂಕಿ ತಾನಾಗಿ ಇಳಿಯಿತು. ಆಗ ನಾನೂ ತಕರಾರು ಮಾಡಲಿಲ್ಲ.

ಇದರಿಂದ ಇನ್ನೊಂದು ಲಾಭವಿದೆ, ಅದನ್ನು ನಾನು ತಡವಾಗಿ ಕಂಡುಕೊಂಡೆ. ಲೆಕ್ಕ ಆರು ಮೈಲಿಯದು. ನಾನು ಏಳು ಮೈಲಿ ಓಡಿಸಿದರೆ ಉಳಿದ ಡೀಸೆಲ್ ನನ್ನದು. ಕ್ಯಾಲಿಫೋರ್ನಿಯಾದಲ್ಲಿ ಟ್ರಕ್‌ಗಳಿಗೆ ಗಂಟೆಗೆ 55 ಮೈಲಿಯ ಮಿತಿ ಹೇಗೂ ಇದೆ, ಅರಿಜೋನಾ ಗಡಿ ದಾಟಿದ ಮೇಲೂ ನಾನು 62ರ ಮೇಲೆ ಹೋಗುವುದಿಲ್ಲ. ಪ್ರತಿ ಟ್ರಿಪ್ಪಿಗೆ ಮುಂಚೆ ಟೈರಿನ ಗಾಳಿ ನೋಡುತ್ತೇನೆ. ನಿಂತಾಗ ಎಂಜಿನ್ ಆರಿಸುತ್ತೇನೆ. ಏರಿದ ಬೆಲೆಯ ಭಯ ತಲೆಯಿಂದ ಇಳಿದ ಮೇಲೆಯೇ ಉಳಿತಾಯದ ಕಡೆ ಮನಸ್ಸು ಹರಿಯಿತು.

ಊರಿನಲ್ಲಿ ಏರಿದ ಡೀಸೆಲ್ ಬೆಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬಾಡಿಗೆ ಏರದಿದ್ದರೆ ಅಪ್ಪ ಎರಡು ಟನ್ ಹೆಚ್ಚು ಹೇರುತ್ತಿದ್ದರು. ಸವೆದ ಟೈರಿಗೆ ಇನ್ನೊಮ್ಮೆ ರೀಟ್ರೆಡ್ ಮಾಡಿಸುತ್ತಿದ್ದರು. ಕ್ಲೀನರ್‌ನನ್ನು ಬಿಟ್ಟು ಡ್ರೈವರ್ ಒಬ್ಬನನ್ನೇ ಕಳಿಸುತ್ತಿದ್ದರು. ಆ ಒಬ್ಬ ಮನುಷ್ಯ ಬೆಳಗಿನ ಜಾವ ಕೃಷ್ಣಗಿರಿ ದಾಟುವಾಗ ಕಣ್ಣಿಗೆ ನೀರು ಹಾಕಿಕೊಂಡು ಓಡಿಸುತ್ತಿದ್ದ. ಐನೂರು ರೂಪಾಯಿ ಎಂದು ಮಂಡಿಯಲ್ಲಿ ಹಗುರವಾಗಿ ತಳ್ಳಿಹಾಕುವ ಹಣ ಹೀಗೆ ಟೈರಿನಿಂದ, ಬ್ರೇಕಿನಿಂದ, ಇನ್ನೊಬ್ಬನ ನಿದ್ದೆಯಿಂದ ವಸೂಲಾಗುತ್ತದೆ. ನನ್ನ ಸಿಟ್ಟಿರುವುದು ಇಲ್ಲೇ.

ಗೊತ್ತಾಗಲಿಲ್ಲ ಎನ್ನಲು ಯಾರಿಗೂ ಸಾಧ್ಯವಿಲ್ಲ. ಅಪ್ಪನ ಕಾಲದಲ್ಲಿ ಡೀಸೆಲ್ ಬೆಲೆಯನ್ನು ದೆಹಲಿ ಗೊತ್ತುಮಾಡುತ್ತಿತ್ತು, ಬದಲಾದರೆ ಅದು ಮರುದಿನದ ಪತ್ರಿಕೆಯ ಮುಖಪುಟದ ಸುದ್ದಿ. 2014ರ ಅಕ್ಟೋಬರ್‌ನಲ್ಲಿ ಆ ನಿಯಂತ್ರಣ ಹೋಯಿತು, 2017ರ ಜೂನ್‌ನಿಂದ ಬೆಲೆ ದಿನವೂ ಬದಲಾಗಬಹುದೆಂದಾಯಿತು. ಬೆಲೆ ದಿನದ ಲೆಕ್ಕಕ್ಕೆ ಬಂದರೂ ಬಾಡಿಗೆ ಮಾತ್ರ ಮುಲಾಜಿನ ಲೆಕ್ಕದಲ್ಲೇ ಉಳಿಯಿತು. ಎಷ್ಟು ವರ್ಷದಿಂದ ನಿಮ್ಮ ತಂದೆ ನಮಗೆ ಲಾರಿ ಕಳಿಸಿದ್ದಾರೆ ಎಂಬ ಒಂದು ಮಾತಿಗೆ ನನ್ನ ತಮ್ಮನ ಗಂಟಲು ಕಟ್ಟುತ್ತದೆ. ಮೆಕ್ಕೆಜೋಳದ ದರ ಕ್ವಿಂಟಲ್‌ಗೆ ಹತ್ತು ರೂಪಾಯಿ ಆಚೀಚೆಯಾದರೆ ಅರ್ಧ ಗಂಟೆ ವಾದಿಸುವವರು ಡೀಸೆಲ್ ಎಂದೊಡನೆ ಸಂಬಂಧದ ಮಾತು ತೆಗೆಯುವುದು ನನಗೆ ಸರಿ ಕಾಣುವುದಿಲ್ಲ.

ಆ ಏಪ್ರಿಲ್ 14ರ ಮಧ್ಯರಾತ್ರಿಯಿಂದ ಲಾರಿ ಮಾಲೀಕರು ಮುಷ್ಕರ ಹೂಡಿದರು. ಡೀಸೆಲ್, ರಾಜ್ಯ ಹೆದ್ದಾರಿಗಳ ಟೋಲ್, ಗಡಿಯ ಚೆಕ್‌ಪೋಸ್ಟ್ ಎಲ್ಲ ಬೇಡಿಕೆಯಲ್ಲಿದ್ದವು. ತಮ್ಮನೂ ಲಾರಿ ನಿಲ್ಲಿಸಿದ. ಬೇಡಿಕೆಗಳು ನ್ಯಾಯವಾದವೇ. ಆದರೆ ಸರ್ಕಾರದ ಎದುರು ಚಕ್ರ ನಿಲ್ಲಿಸುವ ನಮ್ಮವರು ಮಂಡಿಯ ಎದುರು ಒಂದು ಸಾಲು ಬರೆಸಿಕೊಳ್ಳಲಾರರು. ಬಂಕಿನ ಬೆಲೆ ಸರ್ಕಾರದ ಕೈಯಲ್ಲಿ ಪೂರ್ತಿ ಇಲ್ಲ, ಬಿಲ್ಲಿನ ಸಾಲು ನಮ್ಮ ಕೈಯಲ್ಲಿದೆ.

ಇಷ್ಟು ಹೇಳಿದ ಮೇಲೆ ಕೆಲವನ್ನು ಒಪ್ಪಿಕೊಳ್ಳಲೇಬೇಕು. ಆ ಒಣದ್ರಾಕ್ಷಿಯ ಒಪ್ಪಂದ 2023ರಲ್ಲಿ ನನ್ನ ಕೈತಪ್ಪಿತು. ಈಗ ಹೆಚ್ಚಿನ ಲೋಡು ಬ್ರೋಕರ್‌ಗಳ ಮೂಲಕ ಬರುತ್ತದೆ. ಅಲ್ಲಿ ಡೀಸೆಲ್‌ಗೆ ಬೇರೆ ಸಾಲಿಲ್ಲ, ಎಲ್ಲ ಸೇರಿ ಇಷ್ಟು ಎಂದು ಒಂದೇ ಅಂಕಿ. ಸರಕಿನ ಒಡೆಯ ಬ್ರೋಕರ್‌ಗೆ ಎಷ್ಟು ಕೊಟ್ಟ ಎಂಬುದು ನನಗೆ ತಿಳಿಯುವುದಿಲ್ಲ. ಸಾಲು ಇದ್ದ ಕಾಲದಲ್ಲೂ ಅದು ದೇಶದ ಸರಾಸರಿ ಬೆಲೆಯದು, ನಾನು ತುಂಬಿಸುವ ಕ್ಯಾಲಿಫೋರ್ನಿಯಾದ ಡೀಸೆಲ್ ಅದಕ್ಕಿಂತ ಬಹಳ ದುಬಾರಿ. ತಮಿಳುನಾಡಿಗೆ ಹೋಗುವ ಲಾರಿಗಳು ಗಡಿಯ ಅತ್ತಿಬೆಲೆ ದಾಟುವ ಮುಂಚೆ ಟ್ಯಾಂಕ್ ತುಂಬಿಸಿಕೊಂಡು ಲೀಟರಿಗೆ ಒಂದೆರಡು ರೂಪಾಯಿ ಉಳಿಸುತ್ತವೆ. ನನಗೆ ಆ ದಾರಿ ಅರ್ಧ ಮುಚ್ಚಿದೆ. ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿಸಿದೆ ಎಂದು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಟ್ಟು ಆಯಾ ರಾಜ್ಯದ ಇಂಧನ ತೆರಿಗೆ ತುಂಬಬೇಕು.

ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಪ್ಪ ಇದ್ದಾಗ ಹೊಸೂರಿನ ಆಚೆ ಲಾರಿಯ ಆಕ್ಸಲ್ ಮುರಿದಿತ್ತು. ರಾತ್ರಿ ಹತ್ತು ಗಂಟೆಗೆ ನಲವತ್ತು ಸಾವಿರ ರೂಪಾಯಿಯನ್ನು ಚೀಟಿಯೂ ಇಲ್ಲದೆ ಅಲ್ಲಿಗೆ ತಲುಪಿಸಿದವರು ಇದೇ ವ್ಯಾಪಾರಿ. ಬಡ್ಡಿ ಕೇಳಲಿಲ್ಲ. ಅಪ್ಪ ತೀರಿಕೊಂಡಾಗ ಮಂಡಿ ಮುಚ್ಚಿ ಬಂದು ಮೂರು ದಿನ ನಮ್ಮ ಜಗುಲಿಯಲ್ಲಿ ಕುಳಿತರು. ಕಳೆದ ಜನವರಿಯಲ್ಲಿ ನನ್ನ ಟ್ರಕ್ ನೆವಾಡಾದ ಹಿಮದಲ್ಲಿ ಕೆಟ್ಟು ನಿಂತಾಗ ಬ್ರೋಕರ್ ಕಚೇರಿಯಿಂದ ಬಂದದ್ದು ಒಂದೇ ಸಂದೇಶ, ಸರಕು ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು. ಆ ರಾತ್ರಿ ಕ್ಯಾಬಿನ್ನಿನಲ್ಲಿ ಕಂಬಳಿ ಹೊದ್ದು ಕುಳಿತಾಗ ನನಗೆ ನೆನಪಾದವರು ಆ ವ್ಯಾಪಾರಿ. ಆದರೂ ಅವರು ಡೀಸೆಲ್ ಹಣ ಕೊಡಬೇಕಿತ್ತು ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ.

ಊರು ಬಿಡುವ ಹಿಂದಿನ ರಾತ್ರಿ ತಮ್ಮನ ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ ಬರೆದುಕೊಟ್ಟೆ. ಡೀಸೆಲ್ 89 ರೂಪಾಯಿ ಇದ್ದಾಗಿನ ಬಾಡಿಗೆಯೇ ಮೂಲ ಬಾಡಿಗೆ. ಲೀಟರಿಗೆ ಒಂದು ರೂಪಾಯಿ ಏರಿದರೆ ಕಿಲೋಮೀಟರಿಗೆ 25 ಪೈಸೆ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಇಳಿದರೆ ಕಡಿಮೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದೆ. ಬಹಳ ದಿನ ಅದು ಲಾರಿಯ ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ನಡುವೆ ಬಿದ್ದಿತ್ತು. ಮೊನ್ನೆ ತಮ್ಮ ಫೋನ್ ಮಾಡಿದ.

"ಅಣ್ಣ, ಹಾಳೆ ತೋರಿಸಿದೆ."

"ಏನಂದರು?"

"ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಇಳಿದರೆ ಕಡಿಮೆ ಮಾಡುತ್ತೀಯಾ ಎಂದು ಕೇಳಿದರು. ಹೌದು ಎಂದೆ. ಮಡಚಿ ಜೇಬಿನಲ್ಲಿ ಇಟ್ಟುಕೊಂಡರು."

"ಬಾಡಿಗೆ?"

"ಈ ಲೋಡು ಹಳೆಯದಕ್ಕೇ ಹೋಯಿತು. ಮುಂದಿನ ಸಲ ನೋಡೋಣ ಎಂದಿದ್ದಾರೆ. ನಿನ್ನನ್ನೂ ಕೇಳಿದರು, ಯಾವಾಗ ಬರುತ್ತಾನೆ ಎಂದು."