ಹಿಟ್ಲರ್‌ನ ಮಾತು ಎತ್ತುವ ಮೊದಲು 1932ರ ಕಾಗದಗಳನ್ನು ಓದೋಣ

ನೋಟಿನ ಕಂತೆಗಳನ್ನು ಪೇರಿಸಿ ಆಟವಾಡುತ್ತಿರುವ ಜರ್ಮನ್ ಮಕ್ಕಳ ಫೋಟೋ ಮತ್ತೆ ಹರಿದಾಡುತ್ತಿದೆ. ಕೆಳಗೆ ಅದೇ ಒಕ್ಕಣೆ: ಹಣದುಬ್ಬರ ಹೀಗಿತ್ತು, ಅದಕ್ಕೇ ಹಿಟ್ಲರ್ ಬಂದ. ಫೋಟೋದಲ್ಲಿ ಸುಳ್ಳಿಲ್ಲ. 1923ರ ನವೆಂಬರ್‌ನಲ್ಲಿ ಒಂದು ಡಾಲರ್ ಕೊಳ್ಳಲು 4.2 ಲಕ್ಷ ಕೋಟಿ ಮಾರ್ಕ್ ಬೇಕಿತ್ತು. ಆದರೆ ಅದೇ ತಿಂಗಳು ಹೊಸ ರೆಂಟನ್‌ಮಾರ್ಕ್ ಚಲಾವಣೆಗೆ ಬಂತು, ಹಣದುಬ್ಬರ ನಿಂತಿತು. ಐದು ವರ್ಷ ಕಳೆದು, 1928ರ ಚುನಾವಣೆಯಲ್ಲಿ ಹಿಟ್ಲರ್‌ನ ಪಕ್ಷಕ್ಕೆ ಬಿದ್ದದ್ದು ಶೇ 2.6 ಮತ. ಅವನು ಅಧಿಕಾರಕ್ಕೆ ಬಂದ 1933ರ ಹೊತ್ತಿಗೆ ದೇಶವನ್ನು ಹಿಂಡುತ್ತಿದ್ದದ್ದು ಅದರ ತದ್ವಿರುದ್ಧ ಸ್ಥಿತಿ: ಬೆಲೆ ಕುಸಿದಿತ್ತು, ಕೂಲಿ ಕುಸಿದಿತ್ತು, ಹಿಂದಿನ ವರ್ಷವೇ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ಮುಟ್ಟಿತ್ತು. 1923ರಲ್ಲಿ ಉಳಿತಾಯ ಕಳೆದುಕೊಂಡವರ ಗಾಯ ಮಾಯಲಿಲ್ಲ ಎನ್ನುವುದು ಸರಿ. ಆದರೆ ಹತ್ತು ವರ್ಷಗಳ ಇತಿಹಾಸವನ್ನು ನುಂಗಿ ಒಂದು ಫೋಟೋದಿಂದ ಕಥೆ ಮುಗಿಸುವುದು ಸರಿಯಲ್ಲ.

ನನಗೆ ಸಂಕಟವಾಗುವುದು ಇದಕ್ಕೆ: ಆ ಹತ್ತು ವರ್ಷಗಳ ಮೂಲ ದಾಖಲೆಗಳು ಈಗ ನಮ್ಮ ಮೊಬೈಲ್‌ನಲ್ಲೇ ತೆರೆದುಕೊಳ್ಳುತ್ತವೆ, ಕಾಸು ಕೊಡಬೇಕಿಲ್ಲ. ಹಿಂದೆ ಇವನ್ನು ನೋಡಲು ಜರ್ಮನಿಗೇ ಹೋಗಬೇಕಿತ್ತು, ಇಲ್ಲವೇ ಮೈಕ್ರೋಫಿಲ್ಮ್ ಇರುವ ದೊಡ್ಡ ಗ್ರಂಥಾಲಯ ಹುಡುಕಬೇಕಿತ್ತು. ಇಂದು ಸಾಗರದ ಕಾಲೇಜಿನ ವಿದ್ಯಾರ್ಥಿಯೂ ಬರ್ಲಿನ್‌ನ ಸಂಶೋಧಕನೂ ಒಂದೇ ಪುಟವನ್ನು ಓದಬಹುದು. ಆದರೂ ನಾವು ಫಾರ್ವರ್ಡ್ ಮಾಡಿದ ಫೋಟೋಗಳಲ್ಲೇ ಸುತ್ತುತ್ತಿದ್ದೇವೆ.

ಜರ್ಮನಿಯ ರಾಷ್ಟ್ರೀಯ ಪತ್ರಾಗಾರ ವೈಮರ್ ಗಣರಾಜ್ಯದ, ಅಂದರೆ ಹಿಟ್ಲರ್‌ಗೆ ಮುಂಚಿನ ಜರ್ಮನ್ ಪ್ರಜಾಪ್ರಭುತ್ವದ, ಸಚಿವ ಸಂಪುಟಗಳ ಕಡತಗಳನ್ನು, 1919ರಿಂದ 1933ರ ಜನವರಿಯವರೆಗಿನವನ್ನು, ಅಡಿಟಿಪ್ಪಣಿಗಳ ಸಮೇತ ಅಂತರ್ಜಾಲದಲ್ಲಿ ಇಟ್ಟಿದೆ. ಪ್ರಜಾಪ್ರಭುತ್ವ ಹೇಗೆ ಸಾಯುತ್ತದೆ ಎಂದು ಕೇಳುವವರು 1930ರ ಮಾರ್ಚ್ ತಿಂಗಳ ನಡಾವಳಿಗಳನ್ನು ಓದಬೇಕು. ಅಲ್ಲಿ ಪಂಜಿನ ಮೆರವಣಿಗೆ ಇಲ್ಲ, ಅಬ್ಬರದ ಭಾಷಣ ಇಲ್ಲ. ನಿರುದ್ಯೋಗ ವಿಮೆಯ ವಂತಿಗೆಯನ್ನು ಎಷ್ಟು ಏರಿಸಬೇಕು, ಯಾರು ಹೊರಬೇಕು ಎಂಬ ಜಗಳವಿದೆ. ಆ ಜಗಳದಲ್ಲೇ ಮಾರ್ಚ್ 27ರಂದು ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಹರ್ಮನ್ ಮ್ಯೂಲರ್‌ನ ಸರ್ಕಾರ ಬಿತ್ತು. ಆಮೇಲೆ ಬಂದ ಬ್ರ್ಯೂನಿಂಗ್, ಸಂಸತ್ತಿನಲ್ಲಿ ಬಹುಮತ ಸಿಗದಾಗ ಸಂವಿಧಾನದ 48ನೇ ವಿಧಿಯ ಅಡಿ ಅಧ್ಯಕ್ಷರ ಸುಗ್ರೀವಾಜ್ಞೆಗಳಿಂದ ಆಳಿದ. ಹಿಟ್ಲರ್ ಬರುವ ಮುಂಚೆಯೇ ಸಂಸತ್ತನ್ನು ಪಕ್ಕಕ್ಕೆ ಸರಿಸಿ ಆಳುವುದು ರೂಢಿಯಾಗಿತ್ತು. ಇದನ್ನು ಯಾರೋ ಹೇಳಿ ತಿಳಿಯುವುದಕ್ಕೂ ನಡಾವಳಿಯಲ್ಲಿ ಒಂದೊಂದೇ ಸಭೆಯಾಗಿ ಕಾಣುವುದಕ್ಕೂ ಬಹಳ ಅಂತರವಿದೆ.

ಪತ್ರಿಕೆಗಳು ಇನ್ನೂ ದೊಡ್ಡ ನಿಧಿ. ಜರ್ಮನಿಯ ಡಿಜಿಟಲ್ ಗ್ರಂಥಾಲಯ 2021ರಲ್ಲಿ ಹಳೆಯ ಪತ್ರಿಕೆಗಳಿಗೆಂದೇ ಒಂದು ತಾಣ ತೆರೆದಿದೆ. ಸೋಷಿಯಲ್ ಡೆಮಾಕ್ರಟ್ ಪಕ್ಷದ 'ಫೋರ್ವೆರ್ಟ್ಸ್' ದಿನಪತ್ರಿಕೆಯ 1933ರವರೆಗಿನ ಸಂಚಿಕೆಗಳನ್ನು ಫ್ರೀಡ್ರಿಖ್ ಎಬರ್ಟ್ ಪ್ರತಿಷ್ಠಾನ ಡಿಜಿಟಲೀಕರಿಸಿದೆ. ಮ್ಯೂನಿಕ್‌ನ ವಿಡಂಬನಾ ವಾರಪತ್ರಿಕೆ 'ಸಿಂಪ್ಲಿಸಿಸಿಮುಸ್' ಕೂಡ ಪೂರ್ತಿಯಾಗಿ ಸಿಗುತ್ತದೆ. ಅದರ 1933ರ ಹೊಸವರ್ಷದ ಸಂಚಿಕೆ ನೋಡಿ: ಈ ನಾಯಕನ ಕಾಲ ಮುಗಿಯಿತು ಎಂದು ಪದ್ಯದಲ್ಲಿ ಖುಷಿಪಟ್ಟಿದೆ. ಹಾಗೆ ಬರೆದವರನ್ನು ಮೂರ್ಖರೆನ್ನಲು ನನಗೆ ಮನಸ್ಸು ಬರುವುದಿಲ್ಲ. 1932ರ ಜುಲೈನಲ್ಲಿ 230 ಸ್ಥಾನ ಗೆದ್ದಿದ್ದ ನಾಜಿಗಳು ನವೆಂಬರ್‌ನಲ್ಲಿ 196ಕ್ಕೆ ಇಳಿದಿದ್ದರು, ಸುಮಾರು 20 ಲಕ್ಷ ಮತ ಕಳೆದುಕೊಂಡಿದ್ದರು. ಅಂದಿನವರ ಕಣ್ಣಿಗೆ ಅಪಾಯ ಇಳಿಮುಖವಾಗಿತ್ತು. ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್ ಆದ. ಮತದಾರರು ಹಿಂದೆ ಸರಿಯುತ್ತಿದ್ದಾಗಲೇ ಅಧ್ಯಕ್ಷ ಹಿಂಡನ್‌ಬರ್ಗ್‌ನ ಸುತ್ತಲಿನ ಕೆಲವರು ಅವನನ್ನು ಒಳಗೆ ಕರೆತಂದರು. ಮುಂದೇನಾಗುತ್ತದೆಂದು ತಿಳಿಯದವರು ಬರೆದ ಸಾಲುಗಳನ್ನು ಓದದೆ ಈ ಸತ್ಯ ಮನಸ್ಸಿಗೆ ಇಳಿಯುವುದಿಲ್ಲ. ಇತಿಹಾಸ ಹಾಗೆಯೇ ಆಗಬೇಕಿತ್ತು ಎಂಬ ಭ್ರಮೆಯನ್ನು ಪಠ್ಯಪುಸ್ತಕ ಬೆಳೆಸುತ್ತದೆ, ಹಳೆಯ ಪತ್ರಿಕೆ ಒಡೆಯುತ್ತದೆ.

ಇನ್ನು ಸಂಸತ್ತಿನ ನಡಾವಳಿ. ಬವೇರಿಯಾದ ರಾಜ್ಯ ಗ್ರಂಥಾಲಯ ರೈಷ್‌ಸ್ಟಾಗ್‌ನ 1867ರಿಂದ 1942ರವರೆಗಿನ ಕಲಾಪಗಳನ್ನು ಪುಟಪುಟವಾಗಿ ಇಟ್ಟಿದೆ. 1933ರ ಮಾರ್ಚ್ 23ರ ದಿನವನ್ನು ತೆರೆಯಿರಿ. ಕ್ರೋಲ್ ಒಪೆರಾ ಭವನದಲ್ಲಿ ಸಭೆ. ಸಂಸತ್ತಿನ ಒಪ್ಪಿಗೆ ಇಲ್ಲದೆಯೇ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರ್ ಸರ್ಕಾರಕ್ಕೆ ಕೊಡುವ ಮಸೂದೆ ಮುಂದಿದೆ. ಆಯ್ಕೆಯಾದ 81 ಕಮ್ಯುನಿಸ್ಟರಿಗೆ ಪ್ರವೇಶವೇ ಇಲ್ಲ. ಸೋಷಿಯಲ್ ಡೆಮಾಕ್ರಟರ 120 ಸದಸ್ಯರಲ್ಲಿ 26 ಮಂದಿ ಇಲ್ಲ. ಕೆಲವರು ಸೆರೆಯಲ್ಲಿ, ಕೆಲವರು ತಲೆಮರೆಸಿಕೊಂಡು. ಆಗ ಆ ಪಕ್ಷದ ನಾಯಕ ಓಟೊ ವೆಲ್ಸ್ ಎದ್ದು ನಿಂತು, ನಮ್ಮ ಸ್ವಾತಂತ್ರ್ಯವನ್ನೂ ಪ್ರಾಣವನ್ನೂ ಕಸಿಯಬಹುದು, ಮಾನವನ್ನಲ್ಲ ಎನ್ನುತ್ತಾರೆ. ಶೀಘ್ರಲಿಪಿಕಾರರು ಸಭೆಯ ಗದ್ದಲವನ್ನೂ ಬಿಟ್ಟಿಲ್ಲ. ನಾಜಿ ಸದಸ್ಯರ ನಗು, ಕೂಗು ಎಲ್ಲ ಆವರಣ ಚಿಹ್ನೆಗಳೊಳಗೆ ದಾಖಲಾಗಿದೆ. ಮಸೂದೆಯ ಪರ 444, ವಿರುದ್ಧ 94. ಆ 94 ಮಂದಿಯೂ ವೆಲ್ಸ್‌ರ ಪಕ್ಷದವರು.

ಹಾಗೆಂದು ದಾಖಲೆ ಎಂದೊಡನೆ ಕೈಮುಗಿಯಬೇಕಿಲ್ಲ. 1922ರಿಂದ 1927ರ ನಡುವೆ ಜರ್ಮನಿ ತನ್ನ ವಿದೇಶಾಂಗ ದಾಖಲೆಗಳ 40 ಸಂಪುಟಗಳನ್ನು ಹೊರತಂದಿತು. ವಿದ್ವತ್ತಿನ ಮಹಾಕಾರ್ಯವೇ ಸರಿ, ಆದರೆ ಉದ್ದೇಶ ವರ್ಸೇಲ್ಸ್ ಒಪ್ಪಂದ ಹೊರಿಸಿದ ಮೊದಲ ಮಹಾಯುದ್ಧದ ಹೊಣೆಯನ್ನು ಅಲ್ಲಗಳೆಯುವುದು, ಆಯ್ಕೆಯೂ ಅದಕ್ಕೆ ತಕ್ಕಂತೆ ನಡೆಯಿತು. ರಾಷ್ಟ್ರೀಯ ಪತ್ರಾಗಾರ 2008ರಲ್ಲಿ ವಿಕಿಮೀಡಿಯಾಕ್ಕೆ 80 ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕೊಟ್ಟಾಗ, ಮೂಲ ಒಕ್ಕಣೆಗಳು ತಪ್ಪಾಗಿರಬಹುದು, ಪಕ್ಷಪಾತದಿಂದ ಕೂಡಿರಬಹುದು ಎಂಬ ಎಚ್ಚರಿಕೆಯನ್ನೂ ಸೇರಿಸಿತು. ಕೆಲವು ಕಡತಗಳಂತೂ ಇಲ್ಲವೇ ಇಲ್ಲ: ಪಾಟ್ಸ್‌ಡಾಮ್‌ನ ಸೇನಾ ಪತ್ರಾಗಾರ 1945ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು.

ಭಾಷೆ ಬಾರದವರು ವಾಷಿಂಗ್ಟನ್‌ನ ಜರ್ಮನ್ ಇತಿಹಾಸ ಸಂಸ್ಥೆಯ ದಾಖಲೆ ಸಂಗ್ರಹದಿಂದ ಆರಂಭಿಸಬಹುದು. ಅಲ್ಲಿ ಇಂಗ್ಲಿಷ್ ಅನುವಾದ ಜೊತೆಗಿದೆ. ಪತ್ರಿಕೆಗಳಿಗೆ ಬಂದರೆ ಫ್ರಾಕ್ಟುರ್ ಎಂಬ ಹಳೆಯ ಅಚ್ಚಿನ ಲಿಪಿ ಎದುರಾಗುತ್ತದೆ. ಅದರ ಒಂದು ಬಗೆಯ 'ಎಸ್' ಅಕ್ಷರ 'ಎಫ್'ನಂತೆ ಕಾಣುತ್ತದೆ, ಹುಡುಕಾಟಕ್ಕಾಗಿ ಅಚ್ಚನ್ನು ಓದುವ ಯಂತ್ರವೂ ಅಲ್ಲಿ ಎಡವುತ್ತದೆ. ಹುಡುಕಿದ ಪದ ಸಿಗದಿದ್ದರೆ ಅದು ಪತ್ರಿಕೆಯಲ್ಲಿ ಇಲ್ಲವೆಂದು ತೀರ್ಮಾನಿಸಬೇಡಿ, ತಾರೀಖು ಹಿಡಿದು ಪುಟ ತಿರುಗಿಸಿ.

ಇದೆಲ್ಲ ನಮಗೇಕೆ ಎಂದು ಕೇಳುವವರಿಗೆ ಲೋಹಿಯಾ ಅವರನ್ನು ನೆನಪಿಸುತ್ತೇನೆ. 1951ರಲ್ಲಿ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತು ಬಂಧನಕ್ಕೊಳಗಾದ ಅದೇ ಲೋಹಿಯಾ, 1929ರಲ್ಲಿ ಬರ್ಲಿನ್‌ಗೆ ಓದಲು ಹೋಗಿ 1933ರಲ್ಲಿ ಮರಳಿದರು. ಶೇ 2.6ರ ಪಕ್ಷ ದೇಶದ ಅತಿ ದೊಡ್ಡ ಪಕ್ಷವಾಗಿ ಬೆಳೆದದ್ದು ಅವರು ಅಲ್ಲಿದ್ದ ಕಾಲದಲ್ಲೇ. ಜರ್ಮನ್ ಪತ್ರಾಗಾರಗಳಲ್ಲಿ ಆಧುನಿಕ ಭಾರತದ ಕುರಿತು ಇರುವ ಕಡತಗಳನ್ನು ಪಟ್ಟಿ ಮಾಡುವ 'ಮೀಡಾ' ಯೋಜನೆಯ ದತ್ತಸಂಚಯವೂ ಈಗ ಎಲ್ಲರಿಗೂ ತೆರೆದಿದೆ. ಸಮಾಜವಾದಿ ಚಳವಳಿಯ ಇತಿಹಾಸ ಬರೆಯುವ ನಮ್ಮ ಗೆಳೆಯರು ಅದರಲ್ಲಿ ಹುಡುಕಲಿ ಎಂಬುದು ನನ್ನ ದೊಡ್ಡ ಆಸೆ.

ಜರ್ಮನಿಯಲ್ಲಿ ಓದುತ್ತಿರುವ, ದುಡಿಯುತ್ತಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ವೆಲ್ಸ್ ಭಾಷಣವನ್ನು, ಆವರಣದೊಳಗಿನ ಆ ನಗು ಮತ್ತು ಕೂಗುಗಳ ಸಮೇತ, ನೇರ ಜರ್ಮನ್‌ನಿಂದ ಕನ್ನಡಕ್ಕೆ ತರಬೇಕಿದೆ. ಮಾಡಬಲ್ಲವರು ದಯವಿಟ್ಟು ಕಾಮೆಂಟಿನಲ್ಲಿ ತಿಳಿಸಿ. ಅಡಿಟಿಪ್ಪಣಿ ಬರೆಯುವ ಕೆಲಸ ನನ್ನದು.