ಹಮ್ ಬಂತು ಅಂತ ಅರ್ತ್ ವೈರ್ ಕಟ್ ಮಾಡ್ಬೇಡಿ

"ಮನೇಲಿ ಕಟ್ಟಿದ ಟ್ಯೂಬ್ ಬೇಸ್ ಆಂಪ್‌ನಲ್ಲಿ ಹಮ್ ಬರ್ತಿದ್ರೆ ಪ್ಲಗ್‌ನ ಅರ್ತ್ ವೈರ್ ಕಟ್ ಮಾಡಿ, ಬಯಾಸ್ 70%ಗೆ ಇಡಿ" ಅಂತ ಒಂದು ಮೆಸೇಜ್ ಓಡಾಡ್ತಿದೆ. (ಹಮ್ ಅಂದ್ರೆ ಸ್ಪೀಕರ್‌ನಲ್ಲಿ ಬರೋ ಗುಂಯ್ ಸದ್ದು, ಬೇಸ್ ಆಂಪ್ ಅಂದ್ರೆ ಬೇಸ್ ಗಿಟಾರ್‌ನ ಆಂಪ್ಲಿಫೈಯರ್, ಬಯಾಸ್ ಅಂದ್ರೆ ನುಡಿಸದೇ ಇದ್ದಾಗ್ಲೂ ಟ್ಯೂಬಲ್ಲಿ ಹರಿಯೋ ಕರೆಂಟಿನ ಸೆಟ್ಟಿಂಗ್.) ಮೊದಲನೇ ಮಾತು ಪೂರ್ತಿ ತಪ್ಪು, ಜೀವಕ್ಕೇ ಅಪಾಯ. ಎರಡನೇದು ಅರ್ಧ ಸತ್ಯ, ಹಿಂದೆ ನಾನೂ ಹಾಗೇ ಬರ್ದಿದ್ದೆ, ಈಗ ತಿದ್ಕೋತಿದೀನಿ.

ಅರ್ತ್ ವೈರ್ ಚಾಸಿಗೆ, ಅಂದ್ರೆ ಆಂಪ್‌ನ ಲೋಹದ ಪೆಟ್ಟಿಗೆಗೆ, ಗಟ್ಟಿಯಾಗಿ ಬೋಲ್ಟ್ ಆಗಿರ್ಲೇಬೇಕು, ಯಾಕಂದ್ರೆ ಟ್ರಾನ್ಸ್‌ಫಾರ್ಮರ್ ಇನ್ಸುಲೇಷನ್ ಹೋಗಿ ಲೈವ್ ಚಾಸಿಗೆ ತಾಗಿದಾಗ ಫ್ಯೂಸ್ ಹಾರೋದು ಆ ವೈರಿಂದಾನೇ, ಅದಿಲ್ದಿದ್ರೆ ಕರೆಂಟು ಬೇಸ್ ತಂತಿ ಹಿಡಿದಿರೋರ ಮೈಯಲ್ಲಿ ಹರಿಯುತ್ತೆ. ಹಮ್ ಎಲ್ಲಿಂದ ಅಂತ ಕಿವಿಗೊಟ್ಟು ಕೇಳಿ. ಮೇನ್ಸ್ 50 ಹರ್ಟ್ಸ್ ಇರೋ ಕಡೆ ಅದೇ 50ರ ಹಮ್ ಬಂದ್ರೆ ಹೀಟರ್ (ಟ್ಯೂಬನ್ನ ಬಿಸಿ ಮಾಡೋ ತಂತಿ) ವೈರಿಂಗ್ ಅಥವಾ ಗ್ರೌಂಡ್ ಲೂಪ್ (ಗ್ರೌಂಡ್‌ಗೆ ಎರಡು ದಾರಿ ಆಗಿರೋದು) ನೋಡಿ, ಹೀಟರ್ ವೈರ್‌ಗಳನ್ನ ಬಿಗಿಯಾಗಿ ಹೆಣೀರಿ. 100ರದ್ದಾದ್ರೆ ಡಿಸಿ ಸಪ್ಲೈಯನ್ನ ನಯ ಮಾಡೋ ಫಿಲ್ಟರ್ ಕೆಪಾಸಿಟರ್ ಸೋತಿರ್ಬಹುದು, ಇಲ್ಲಾ ಪುಷ್‌ಪುಲ್ ಜೋಡಿಯ (ಔಟ್‌ಪುಟ್ ಕೆಲ್ಸ ಹಂಚ್ಕೊಳ್ಳೋ) ಎರಡು ಟ್ಯೂಬ್ ಸಮ ಇಲ್ದೆ ರಿಪಲ್ (ಸಪ್ಲೈಯಲ್ಲಿ ಉಳಿದ ಏರಿಳಿತ) ಕ್ಯಾನ್ಸಲ್ ಆಗ್ತಿಲ್ಲ.

ಇನ್ನು ಟ್ಯೂಬ್ ತಡ್ಕೊಳ್ಳೋ ಗರಿಷ್ಠ ವ್ಯಾಟ್‌ನ 70% ಅನ್ನೋದು ಫಿಕ್ಸ್‌ಡ್ ಬಯಾಸ್ (ಬಯಾಸ್ ವೋಲ್ಟೇಜ್ ಬೇರೆ ಸಪ್ಲೈಯಿಂದ ಬರೋ) ಕ್ಲಾಸ್ ಎಬಿ ಅನ್ನೋ ಬಗೆಯ ಆಂಪ್‌ಗೆ ಮೇಲಿನ ಮಿತಿ, ಗುರಿ ಅಲ್ಲ. 6ಎಲ್6ಜಿಸಿ ಅನ್ನೋ ಟ್ಯೂಬ್‌ಗೆ 30 ವ್ಯಾಟ್ ರೇಟಿಂಗ್, ಅದರ 70% ಅಂದ್ರೆ 21 ವ್ಯಾಟ್, ಪ್ಲೇಟ್‌ನಲ್ಲಿ (ಟ್ಯೂಬಿನ ಹೈ ವೋಲ್ಟೇಜ್ ತುದಿ) 450 ವೋಲ್ಟ್ ಇದ್ರೆ ಸುಮಾರು 46.7 ಮಿಲಿಆಂಪ್. ಇಎಲ್34 ಟ್ಯೂಬ್ ಆದ್ರೆ ರೇಟಿಂಗ್ 25 ವ್ಯಾಟ್, ಅದರ 70% ಅಂದ್ರೆ 17.5, ಅದೇ ವೋಲ್ಟೇಜಿಗೆ 38.9 ಮಿಲಿಆಂಪ್ ಹತ್ರ. ಕಮ್ಮಿ ಇಟ್ಟು ಸೌಂಡ್ ಚೆನ್ನಾಗಿದ್ರೆ ಅಲ್ಲೇ ಬಿಡಿ, ಟ್ಯೂಬೂ ಬಾಳಿಕೆ ಬರುತ್ತೆ.

ಆಫ್ ಮಾಡಿದ್ಮೇಲೂ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರ್ಬಹುದು, ಡಿಸ್ಚಾರ್ಜ್ ಮಾಡಿ ಮೀಟರ್‌ನಲ್ಲಿ ನೋಡದೇ ಕೈ ಹಾಕ್ಬೇಡಿ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡೋದು ನಿಲ್ಸಿ, ಈಗಾಗ್ಲೇ ಕಳ್ಸಿದ್ರೆ ಅವ್ರಿಗೆ ಇದನ್ನೂ ಕಳ್ಸಿ.