ಎಷ್ಟು ಓಡಿದೆ ಅಂತಲ್ಲ, ಎಲ್ಲಿ ನಿಂತಿತ್ತು ಅಂತ ಕೇಳಿ

ನಿನ್ನೆ ಶಿವಮೊಗ್ಗದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರ ಮುಗಿದದ್ದನ್ನು ನೋಡಿದ ಮೇಲೆ ಇದನ್ನು ಬರೆಯದೆ ಇರಲಿಕ್ಕೆ ಆಗಲಿಲ್ಲ. ಬಿಳಿ ಆಲ್ಟೊ 800. ಮನೆಮಂದಿಯೆಲ್ಲ ಬಂದಿದ್ದರು. ಅಪ್ಪ ನಾಲ್ಕೂ ಬಾಗಿಲು ತೆಗೆದು ಹಾಕಿ ನೋಡಿದರು, ಮಗ ಟಚ್ ಸ್ಕ್ರೀನ್ ಒತ್ತಿ ಹಾಡು ಹಾಕಿದ, ಅಮ್ಮ ಹೊಸ ಸೀಟ್ ಕವರ್ ಮುಟ್ಟಿ ನೋಡಿದರು. ಆಮೇಲೆ ಎಲ್ಲರೂ ಕೇಳುವ ಆ ಒಂದೇ ಪ್ರಶ್ನೆ, "ಎಷ್ಟು ಓಡಿದೆ?" "ಮೂವತ್ತೆಂಟು ಸಾವಿರ ಅಷ್ಟೇ ಸಾರ್, ಸಿಂಗಲ್ ಓನರ್, ಕೆಳಗೆಲ್ಲ ಈಗಷ್ಟೇ ತುಕ್ಕು ಹಿಡಿಯದ ಹಾಗೆ ಕಪ್ಪು ಕೋಟಿಂಗ್ ಹೊಡೆಸಿದೀವಿ." ಅಲ್ಲೇ ಅಡ್ವಾನ್ಸ್ ಕೊಟ್ಟಾಯಿತು. ನಂಬರ್ ಪ್ಲೇಟಿನಲ್ಲಿ ಕೆಎ-20 ಅಂತಿತ್ತು, ಅಂದರೆ ಕರಾವಳಿಯ ಉಡುಪಿ ಗಾಡಿ. ಒಬ್ಬರಾದರೂ ಬಗ್ಗಿ ಕೆಳಗೆ ನೋಡಬೇಡವೇ?

ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವಾಗಲೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ತಟ್ಟಿ ನೋಡುವ ಜನ ನಾವು. ಎರಡು ಲಕ್ಷದ ಕಾರಿಗೆ ಮಾತ್ರ ಮೀಟರ್ ನೋಡಿ ಕೈ ಕುಲುಕುತ್ತೇವೆ. ಮಲೆನಾಡಿನಲ್ಲಿ ಸಣ್ಣ ಕಾರು ಇಂಜಿನ್ ಹೋಗಿ ಮೂಲೆ ಸೇರುವುದು ಕಡಿಮೆ. ಆಲ್ಟೊದ ಆ 796 ಸಿಸಿ ಇಂಜಿನ್‌ಗೆ ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದರೆ ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರ್ ದಾಟುವುದು ದೊಡ್ಡ ಮಾತಲ್ಲ. ಸಾಯುವುದು ಬಾಡಿ, ಅದೂ ಕೆಳಗಿನಿಂದ. ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಗಾಡಿ ಒಂದು ದಿನವೂ ಪೂರ್ತಿ ಒಣಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 7,000 ಮಿಲಿಮೀಟರ್‌ಗೂ ಹೆಚ್ಚು. ಚಕ್ರದ ಮೇಲಿನ ಸಂದಿಯಲ್ಲಿ, ರನ್ನಿಂಗ್ ಬೋರ್ಡಿನ ಒಳಮೈಯಲ್ಲಿ ಕೂತ ಕೆಂಪು ಮಣ್ಣು ಮಳೆ ನಿಂತು ವಾರಗಳಾದರೂ ನೀರು ಹಿಡಿದುಕೊಂಡೇ ಇರುತ್ತದೆ. ಘಟ್ಟದ ಕೆಳಗಿನ ಗಾಡಿಯಾದರೆ ಇದರ ಜೊತೆಗೆ ಕಡಲ ಉಪ್ಪುಗಾಳಿಯೂ ಸೇರುತ್ತದೆ. ಹತ್ತು ವರ್ಷ ಅಂಗಳದಲ್ಲಿ ಮಳೆಗೆ ನೆನೆದು ನಿಂತ ಕಾರಿನ ಮೀಟರಿನಲ್ಲಿ 38,000 ಇದ್ದರೆ ಏನು ಬಂತು?

ನನ್ನನ್ನು ಕೇಳಿದರೆ, ಬಯಲುಸೀಮೆಯಲ್ಲಿ ತೊಂಬತ್ತು ಸಾವಿರ ಓಡಿದ ಕೆಎ-16 (ಚಿತ್ರದುರ್ಗ), ಕೆಎ-17 (ದಾವಣಗೆರೆ) ಗಾಡಿಯನ್ನು ಮೊದಲು ನೋಡುತ್ತೇನೆ, ಕರಾವಳಿಯಲ್ಲಿ ನಲವತ್ತು ಸಾವಿರ ಓಡಿದ್ದನ್ನು ಆಮೇಲೆ. ನಂಬರ್ ಪ್ಲೇಟ್ ಒಂದನ್ನೇ ನಂಬುವಂತೆಯೂ ಇಲ್ಲ. ಶಿವಮೊಗ್ಗದ ಕೆಎ-14 ಅಂದರೆ ಭದ್ರಾವತಿಯಲ್ಲೂ ಇದ್ದಿರಬಹುದು, ಆಗುಂಬೆಯಲ್ಲೂ ಇದ್ದಿರಬಹುದು, ಎರಡಕ್ಕೂ ಮಳೆಯಲ್ಲಿ ಅಜಗಜಾಂತರ. ಆರ್‌ಸಿಯಲ್ಲಿರುವ ವಿಳಾಸ ನೋಡಿ. ಹಳೇ ಸರ್ವಿಸ್ ಬಿಲ್‌ಗಳು ಯಾವ ಊರಿನವು ನೋಡಿ, ಆ ಬಿಲ್‌ನಲ್ಲೇ ಅವತ್ತಿನ ಕಿಲೋಮೀಟರ್ ಕೂಡ ಇರುತ್ತದೆ, ಮೀಟರ್ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಶೆಡ್ ಇತ್ತಾ, ಬರೀ ತಾರ್ಪಾಲ್ ಹೊದೆಸುತ್ತಿದ್ದರಾ ಅಂತ ನೇರವಾಗಿ ಕೇಳಿ. ಮಳೆಗಾಲವಿಡೀ ತಾರ್ಪಾಲ್ ಹೊದ್ದು ನಿಂತ ಗಾಡಿ ಒಳಗೊಳಗೇ ಬೆವರುತ್ತದೆ, ಬಯಲಲ್ಲಿ ನಿಂತದ್ದಕ್ಕಿಂತ ಅದೇನೂ ಮೇಲಲ್ಲ.

ಇನ್ನು ಕೆಳಗೆ ನೋಡುವ ಕೆಲಸ. ಮೊಣಕಾಲೂರಿ ಟಾರ್ಚ್ ಬಿಟ್ಟರೆ ಅರ್ಧ ಮಾತ್ರ ಕಾಣುತ್ತದೆ. ನಿಮ್ಮ ಮೆಕ್ಯಾನಿಕ್‌ನ ಗ್ಯಾರೇಜಿಗೆ ಒಯ್ದು ಲಿಫ್ಟ್‌ಗೆ ಏರಿಸಿ, ಇಲ್ಲವೇ ವಾಟರ್ ಸರ್ವಿಸ್‌ನವರ ರ‍್ಯಾಂಪ್ ಸಾಕು. "ಅದೆಲ್ಲ ಬೇಡ ಸಾರ್, ಗಾಡಿ ಪಕ್ಕಾ ಇದೆ" ಅಂದರೆ ಅಲ್ಲಿಂದ ಎದ್ದು ಬನ್ನಿ, ಮುಂದಿನ ಮಾತೇ ಬೇಡ. ಮೇಲೆತ್ತಿದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಫ್ಲೋರ್ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಪುಟ್ಟಿ, ಫೈಬರ್ ಮೆತ್ತಿದ ಜಾಗ ಡಬ್ ಅನ್ನುತ್ತದೆ, ಅಲ್ಲಿ ಅಯಸ್ಕಾಂತವೂ ಹಿಡಿಯುವುದಿಲ್ಲ. ಜಾಕ್ ಕೊಡುವ ನಾಲ್ಕು ಜಾಗಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಚಿಪ್ಪು ಉದುರಿ ತುದಿ ಒಳಗೆ ಹೋದರೆ, ನಾಳೆ ಪಂಚರ್ ಆದಾಗ ಕಾರು ಮೇಲೇಳುವುದಿಲ್ಲ, ಜಾಕೇ ಫ್ಲೋರಿನೊಳಗೆ ನುಗ್ಗುತ್ತದೆ.

ತುಕ್ಕು ಕಂಡ ಕೂಡಲೇ ಓಡಿಹೋಗಬೇಕಾಗಿಲ್ಲ. ಸೈಲೆನ್ಸರ್, ಆಕ್ಸಲ್, ಬೋಲ್ಟ್ ತಲೆಗಳ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಇಲ್ಲಿನ ಯಾವ ಗಾಡಿಯಲ್ಲೂ ಇರುತ್ತದೆ. ಬೇಡವೇ ಬೇಡ ಅನ್ನಬೇಕಾದದ್ದು ಪದರ ಪದರವಾಗಿ ಏಳುವ ತುಕ್ಕಿಗೆ, ಅದೂ ಭಾರ ಹೊರುವ ಜಾಗದಲ್ಲಿದ್ದರೆ: ಮುಂದಿನ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಕೂರುವ ಕಡೆ, ಹಿಂದಿನ ಆಕ್ಸಲ್ ಬಾಡಿಗೆ ಸೇರುವ ಬುಡ, ಬಾನೆಟ್ ಎತ್ತಿದರೆ ಎರಡೂ ಬದಿ ಕಾಣುವ ಶಾಕ್ ಅಬ್ಸಾರ್ಬರ್‌ನ ಮೇಲ್ಭಾಗ. ಅಲ್ಲಿ ಬೋಲ್ಟ್ ಸುತ್ತ ಸೀಲರ್ ಬಿರುಕುಬಿಟ್ಟು ಎದ್ದಿದ್ದರೆ ಒಳಗೆ ತುಕ್ಕು ಹಿಡಿದಿದೆ ಅಂತಲೇ ಅರ್ಥ. ಫ್ಲೋರ್ ಕೆಳಗೆ ಹಾದುಹೋಗುವ ಬ್ರೇಕ್ ಪೈಪುಗಳ ಮೇಲೆ ಬೆರಳಾಡಿಸಿ. ಉಬ್ಬುಉಬ್ಬಾಗಿ ತಾಗಿದರೆ ಪೈಪ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲೇಬೇಕು.

ಆ "ಈಗಷ್ಟೇ ಹೊಡೆಸಿದ ಕೋಟಿಂಗ್" ವಿಷಯಕ್ಕೆ ಬರುತ್ತೇನೆ. ಹೊಸ ಗಾಡಿಗೆ, ಚೊಕ್ಕ ತೊಳೆದು ಒಣಗಿಸಿದ ತಗಡಿಗೆ ಹೊಡೆದರೆ ಅದು ರಕ್ಷಣೆ. ತುಕ್ಕಿನ ಮೇಲೆ ಹೊಡೆದರೆ ತೇವವನ್ನು ಒಳಗೇ ಕೂಡಿಹಾಕಿದ ಹಾಗೆ, ತುಕ್ಕು ಇನ್ನೂ ಜೋರಾಗಿ ತಿನ್ನುತ್ತದೆ. ಮಾರಲಿಕ್ಕೆಂದೇ ಹೊಡೆಸಿದ್ದು ನೋಡಿದರೆ ಗೊತ್ತಾಗುತ್ತದೆ. ಸೈಲೆನ್ಸರ್ ಮೇಲೆ, ರಬ್ಬರ್ ಬೂಟ್ ಮೇಲೆ, ಬೋಲ್ಟ್ ತಲೆಗಳ ಮೇಲೆ ಎಲ್ಲ ಕಡೆ ಕಪ್ಪು ಹಾರಿರುತ್ತದೆ, ಕೆಳಗೆ ಮಣ್ಣಿನ ಗಂಟು ಹಾಗೇ ಇರುತ್ತದೆ. ಹತ್ತು ವರ್ಷದ ಕಾರಿನ ಹೊಟ್ಟೆ ಹೊಚ್ಚ ಹೊಸ ಕಪ್ಪಗೆ ಹೊಳೆಯುತ್ತಿದ್ದರೆ ಬೆಲೆ ಜಾಸ್ತಿ ಆಗಬಾರದು, ಅನುಮಾನ ಜಾಸ್ತಿ ಆಗಬೇಕು.

ಒಳಗೆ ಬನ್ನಿ. ಮ್ಯಾಟ್ ತೆಗೆದು, ಕಾರ್ಪೆಟ್ ಅಂಚು ಎತ್ತಿ, ಎಡಗಡೆ ಕೂರುವವರ ಕಾಲಿನ ಜಾಗವನ್ನು ಅಂಗೈಯಿಂದ ಒತ್ತಿ. ಒದ್ದೆ ಇದ್ದರೆ ಸಾಮಾನ್ಯವಾಗಿ ಮೂರು ಕಾರಣಗಳಲ್ಲಿ ಒಂದು. ವೈಪರ್ ಕೆಳಗಿನ ತಟ್ಟೆಯಲ್ಲಿ ಎಲೆ ಕಟ್ಟಿಕೊಂಡು ನೀರು ಹೋಗುವ ದಾರಿ ಮುಚ್ಚಿದ್ದರೆ ಮಳೆ ಬಂದಾಗ ಮಾತ್ರ ಒದ್ದೆಯಾಗುತ್ತದೆ, ಎಲೆ ತೆಗೆದರೆ ಸರಿಹೋಗುತ್ತದೆ. ಎಸಿ ನೀರು ಹೋಗುವ ಪೈಪ್ ಕಟ್ಟಿದ್ದರೆ ಎಸಿ ಹಾಕಿದ ದಿನ ಒದ್ದೆ, ಇದೂ ಸಣ್ಣ ಕೆಲಸ. ಒದ್ದೆ ಅಂಟಂಟಾಗಿದ್ದು, ಸಿಹಿ ವಾಸನೆ ಬಂದು, ಗಾಜಿನ ಒಳಗೆ ಜಿಡ್ಡು ಮಂಜು ಕೂರುತ್ತಿದ್ದರೆ ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೋರ್ ಸೋರಿ ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ನೀರು, ಬರುತ್ತಿದೆ. ಅದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಕೂಲಿಯೇ ದೊಡ್ಡದು. ಮಾಡಿಸದೆ ಬಿಟ್ಟರೆ ಇಂಜಿನ್‌ನಲ್ಲಿ ನೀರು ಕಡಿಮೆಯಾಗಿ ಘಾಟಿ ಹತ್ತುವಾಗ ಹೀಟ್ ಆಗುತ್ತದೆ. ಬಾಗಿಲು ಬಡಿದಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ಬಾಗಿಲಿನ ತಳದ ತೂತುಗಳು ಮಣ್ಣಿನಿಂದ ಮುಚ್ಚಿವೆ. ಅಲ್ಲಿ ಪೇಂಟ್ ಅಡಿ ಗುಳ್ಳೆ ಎದ್ದಿದೆಯಾ ನೋಡಿ.

ಸೀಟ್ ಬೆಲ್ಟನ್ನು ಕೊನೆತನಕ ಎಳೆಯಿರಿ. ಒಳಗಿನ ಕೊನೆಯ ಒಂದು ಗೇಣು ಭಾಗದಲ್ಲಿ ಮಣ್ಣಿನ ಗೆರೆ ಇದ್ದರೆ, ಸೀಟಿನ ಕಂಬಿಗಳಿಗೆ ತುಕ್ಕು ಹಿಡಿದಿದ್ದರೆ ಆ ಗಾಡಿ ನೆರೆಯಲ್ಲಿ ನಿಂತದ್ದು. 2018ರಲ್ಲಿ ಕೇರಳದಲ್ಲಿ, 2019ರ ಆಗಸ್ಟ್‌ನಲ್ಲಿ ನಮ್ಮ ತುಂಗೆ ಉಕ್ಕಿದಾಗ ಇಲ್ಲೇ ಶಿವಮೊಗ್ಗದಲ್ಲಿ ನೀರು ಮನೆಗಳಿಗೇ ನುಗ್ಗಿತ್ತು, ಕಾರು ಬಿಡುತ್ತದೆಯೇ? ನೆರೆ ಗಾಡಿಯ ವೈರಿಂಗ್ ವರ್ಷಗಟ್ಟಲೆ ಕಾಡುತ್ತದೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ವೈರಿಂಗ್ ಅಂದಾಗ ಇಲಿಯನ್ನು ಮರೆಯಬೇಡಿ. ಅಡಿಕೆ ಮನೆಯ ಪಕ್ಕ ನಿಲ್ಲಿಸಿದ ಗಾಡಿಯ ಬಾನೆಟ್ ಕೆಳಗೆ ಇನ್ಸುಲೇಶನ್ ಟೇಪ್ ಸುತ್ತಿದ ಜಾಯಿಂಟ್‌ಗಳನ್ನು ಹುಡುಕಿ. ಕೀ ತಿರುಗಿಸಿದಾಗ ಚೆಕ್ ಇಂಜಿನ್ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತುವುದೇ ಇಲ್ಲ ಅಂದರೆ ದೀಪ ಕೆಟ್ಟಿರಬೇಕು, ಇಲ್ಲವೇ ಯಾರೋ ಅದನ್ನು ಬೇಕಂತಲೇ ತೆಗೆಸಿರಬೇಕು.

"ಎರಡು ಲಕ್ಷದ ಗಾಡಿಗೆ ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ, ಎರಡು ವರ್ಷ ಓಡಿಸಿ ಕೊಟ್ಟರಾಯಿತು" ಅನ್ನುವವರಿದ್ದಾರೆ. ಈ ಮಾತು ಉಳ್ಳವರಿಗೆ ಸರಿ. ಎರಡು ಲಕ್ಷದ ಕಾರು ಕೊಳ್ಳುವವರು ಅಡಿಕೆ ಮಾರಿದ ದುಡ್ಡನ್ನೋ ಚೀಟಿ ದುಡ್ಡನ್ನೋ ಒಟ್ಟುಮಾಡಿ ತಂದಿರುತ್ತಾರೆ. ಇಪ್ಪತ್ತು ಲಕ್ಷದ ಗಾಡಿಗೆ ನಲವತ್ತು ಸಾವಿರದ ಟಿಂಕರಿಂಗ್ (ಬಾಡಿ ತಗಡಿನ ರಿಪೇರಿ) ಬಂದರೆ ಅದು ಖರ್ಚು, ಎರಡು ಲಕ್ಷದ ಗಾಡಿಗೆ ಬಂದರೆ ಐದರಲ್ಲಿ ಒಂದು ಪಾಲು ಹೋಯಿತು. ಮತ್ತೆ ಮಾರಲಿಕ್ಕೆ ಹೋದಾಗ ಬ್ರೋಕರ್ ಮೊದಲು ನೋಡುವುದೇ ಕೆಳಗೆ! ನೀವು ಕೊಳ್ಳುವಾಗ ನೋಡದೆ ಬಿಟ್ಟದ್ದನ್ನು ಅವನು ಬಿಡುವುದಿಲ್ಲ.

ಇಂಜಿನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಹೋಗಿ, ಸ್ಟಾರ್ಟ್ ಮಾಡಿಡಬೇಡಿ ಅಂತ ಮೊದಲೇ ಹೇಳಿ, ಬಾನೆಟ್ ತಣ್ಣಗಿದೆಯಾ ಮುಟ್ಟಿ ನೋಡಿ. ಆಯಿಲ್ ಮುಚ್ಚಳದ ಅಡಿ ಬಿಳಿ ನೊರೆ ಮಳೆಗಾಲದಲ್ಲಿ ತೇವಕ್ಕೂ ಬರುತ್ತದೆ, ಡಿಪ್ ಸ್ಟಿಕ್‌ನಲ್ಲೂ ಅದೇ ಬಣ್ಣ ಇದ್ದರೆ ಮಾತ್ರ ಗ್ಯಾಸ್ಕೆಟ್ ಹೋಗಿರುವ ಲಕ್ಷಣ. ಇಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಆಲ್ಟೊ 800ಕ್ಕೆ ಟೈಮಿಂಗ್ ಬೆಲ್ಟ್, ಲಕ್ಷ ಕಿಲೋಮೀಟರ್ ಹತ್ತಿರ ಇದ್ದು ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ. ಆಲ್ಟೊದಲ್ಲೇ ದೊಡ್ಡ ಇಂಜಿನ್ ಇರುವ ಕೆ10ಕ್ಕೆ ಚೈನ್, ಆ ಚಿಂತೆ ಇಲ್ಲ. 800ರದ್ದು ಸುಮಾರು 48 ಹಾರ್ಸ್ ಪವರ್, ಕೆ10ರದ್ದು 68ರ ಹತ್ತಿರ. ನಾಲ್ಕು ಜನ ಕೂತು ಹುಲಿಕಲ್ ಘಾಟಿ ಹತ್ತುವವರು ಸ್ವಲ್ಪ ಜಾಸ್ತಿ ಕೊಟ್ಟು ಕೆ10ನ್ನೇ ನೋಡಿ.

ನಮಗಿರುವ ಒಂದು ಅನುಕೂಲ ಏನಂದರೆ, ಘಾಟಿಯೇ ಒಳ್ಳೇ ಪರೀಕ್ಷೆ. ಉದ್ದದ ಇಳಿಜಾರಿನಲ್ಲಿ ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯಿರಿ, ಕೊನೆಗೆ ಒಮ್ಮೆ ಒತ್ತಿ, ಹಿಂದೆ ಕೂತವರು ಹೊಗೆ ನೋಡಲಿ. ಆ ಕ್ಷಣ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಹೋಗಿದೆ, ಆಕ್ಸಿಲರೇಟರ್ ಒತ್ತಿದಷ್ಟೂ ಹೊತ್ತು ಬರುತ್ತಿದ್ದರೆ ರಿಂಗ್. ಏರಿನಲ್ಲಿ ನಾಲ್ಕನೇ ಗೇರ್‌ಗೆ ಹಾಕಿ ಪೂರ್ತಿ ಒತ್ತಿದಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಬ್ರೇಕ್ ಆಯಿಲ್ ಕಪ್ಪಗಿದ್ದರೆ ಕಾರು ಮನೆಗೆ ಬಂದ ದಿನವೇ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ, ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಆಗುಂಬೆಯ 14 ತಿರುವು ಇಳಿಯುವಾಗ ಕುದಿದರೆ ಪೆಡಲ್ ನೆಲಕ್ಕೆ ಹೋಗಿ ಬ್ರೇಕೇ ಹಿಡಿಯುವುದಿಲ್ಲ. ನಮ್ಮ ಹವೆಗೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

"ನಮ್ಮೂರಿಗೆ ಎಸಿ ಯಾಕೆ" ಅಂತ ಕೆಟ್ಟ ಎಸಿಯ ಗಾಡಿಯನ್ನು ಒಪ್ಪಿಕೊಳ್ಳಬೇಡಿ. ಜಡಿಮಳೆಯಲ್ಲಿ ಗಾಜು ಏರಿಸಿ ಕೂತಾಗ ಒಳಗೆ ಹಿಡಿಯುವ ಮಂಜನ್ನು ಬೇಗ ಬಿಡಿಸುವುದು ಎಸಿಯೇ, ರಾತ್ರಿ ಎದುರಿನಿಂದ ಲಾರಿ ಬರುವಾಗ ಅದರ ಬೆಲೆ ಗೊತ್ತಾಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿ, ಟಕ ಟಕ ಅಂದರೆ ಆಕ್ಸಲ್ ಕೀಲಿನ ರಬ್ಬರ್ ಹೊದಿಕೆ (ಬೂಟ್) ಹರಿದು ಮಣ್ಣು ಹೋಗಿ ಕೀಲು ಸವೆದಿರಬೇಕು. ಟೈರಿನ ಮೇಲಿನ ನಾಲ್ಕಂಕಿ ಓದಿ, 2319 ಅಂದರೆ 2019ರ 23ನೇ ವಾರ. ಸಾಧ್ಯವಾದರೆ 2019ರ ಜುಲೈ ನಂತರ ತಯಾರಾದ ಗಾಡಿ ನೋಡಿ, ಡ್ರೈವರ್ ಏರ್‌ಬ್ಯಾಗ್ ಮತ್ತು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಎರಡೂ ಕಡ್ಡಾಯವಾದದ್ದು ಆ ವರ್ಷ. ಒದ್ದೆ ರಸ್ತೆಯಲ್ಲಿ ಎಬಿಎಸ್ ಇರುವುದಕ್ಕೂ ಇಲ್ಲದ್ದಕ್ಕೂ ತುಂಬಾ ವ್ಯತ್ಯಾಸವಿದೆ.

ಕಾಗದಪತ್ರ. ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ, ಸಾಲ ಇದ್ದಿದ್ದರೆ ಅದು ತೀರಿದೆ ಅನ್ನುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಎನ್‌ಒಸಿ ಜೊತೆಗೆ ಇಲ್ಲಿನ ತೆರಿಗೆ. 15 ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಹಸಿರು ತೆರಿಗೆ ಬೇರೆ. ತುಕ್ಕು ತಿಂದ ಗಾಡಿಯಾದರೆ ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರಕ್ಕೆ) ಮುಂಚೆ ಟಿಂಕರಿಂಗ್ ಖರ್ಚೂ ಸೇರುತ್ತದೆ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ಹಳೆಯವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಬಾಕಿ ದಂಡ ಇದೆಯಾ ಅಂತ ನಂಬರ್ ಹಾಕಿ ನೋಡಿಕೊಳ್ಳಿ. ಗಾಡಿ ಕೈಬದಲಾದದ್ದಕ್ಕೆ ಬರೆಯುವ ಡೆಲಿವರಿ ನೋಟ್‌ನಲ್ಲಿ ತಾರೀಕಿನ ಜೊತೆ ಗಂಟೆಯನ್ನೂ ಬರೆಸಿ. ಮಾರುವವರಿಗೂ ಇದೇ ಮಾತು: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಪ್ರಕಾರ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಗಾಡಿ ಕೊಟ್ಟು ದುಡ್ಡು ಎಣಿಸಿಕೊಂಡ ಮೇಲೂ, ಹೆಸರು ಬದಲಾಗುವ ತನಕ ಅಪಘಾತದ ಪರಿಹಾರದ ಕೇಸು ನಿಮ್ಮ ಮನೆ ಬಾಗಿಲಿಗೇ ಬರುತ್ತದೆ.